ಕರ್ನಲ್ ಟ್ಯಾಕೆಟ್ ಗಂಟಲು ಕಟ್ಟಿದ ಆರು ದಿನ

ಅಬ್ನರ್ ಟ್ಯಾಕೆಟ್ ಕರ್ನಲ್ ಆದದ್ದು ಯುದ್ಧ ಮಾಡಿ ಅಲ್ಲ. ನಮ್ಮ ಪ್ಲಮ್ ಲ್ಯಾಂಡಿಂಗಿನಲ್ಲಿ ಯುದ್ಧ ಮಾಡಿ ಏನಾದರೂ ಆದವರು ಯಾರೂ ಇಲ್ಲ. ವರ್ಷಕ್ಕೊಮ್ಮೆ ಊರಿನ ಗಂಡಸರೆಲ್ಲ, ಬಂದೂಕು ಇದ್ದವರು ಬಂದೂಕು, ಇಲ್ಲದವರು ಮೆಕ್ಕೆಜೋಳದ ದಂಟು ಹೆಗಲಿಗೇರಿಸಿಕೊಂಡು ಬಯಲಿನಲ್ಲಿ ಕವಾಯತು ಮಾಡುತ್ತಿದ್ದೆವು. ಕವಾಯತು ಮುಗಿದ ಮೇಲೆ ವಿಸ್ಕಿ ಪೀಪಾಯಿಯ ಸುತ್ತ ನಿಂತು ದಂಡಿನ ಅಧಿಕಾರಿಗಳನ್ನು ಆರಿಸುತ್ತಿದ್ದೆವು. ಇಲಿನಾಯ್ ರಾಜ್ಯವಾದ ವರ್ಷ ಆ ಪೀಪಾಯಿಯ ಪಕ್ಕದಲ್ಲಿ ನಿಂತು ಎಲ್ಲರಿಗೂ ಬಗ್ಗಿಸಿಕೊಟ್ಟವನು ಟ್ಯಾಕೆಟ್. ಅವನೇ ಕರ್ನಲ್ ಆದ. ಊರಿನ ನಲವತ್ತು ಚಿಲ್ಲರೆ ಗಂಡಸರಲ್ಲಿ ಅದಾಗಲೇ ಇಬ್ಬರು ಕರ್ನಲ್‌ಗಳು, ಐವರು ಮೇಜರ್‌ಗಳು ಇದ್ದರು. ಯಾವ ಬಿರುದೂ ಇಲ್ಲದೆ ಬರಿಗೈಯಲ್ಲಿ ಉಳಿದವನು ನಾನು, ಸೈಲಸ್ ಕ್ರಾಂಡಲ್. ಅಕ್ಷರ ಬಲ್ಲವನೆಂದು ಪ್ರತಿ ಚುನಾವಣೆಯಲ್ಲೂ ನನ್ನನ್ನು ಗುಮಾಸ್ತನನ್ನಾಗಿ ಕೂರಿಸುತ್ತಿದ್ದರು.

ಟ್ಯಾಕೆಟ್ ಹುಟ್ಟಿದ್ದು ಕೆಂಟಕಿಯಲ್ಲಿ. ಇಪ್ಪತ್ತೈದಕ್ಕೆ ಹೆಂಡತಿಯನ್ನೂ ಒಂದು ಹೇಸರಗತ್ತೆಯನ್ನೂ ಕರೆದುಕೊಂಡು ಉತ್ತರಕ್ಕೆ ಬಂದು ಕಸ್ಕಾಸ್ಕಿಯಾ ನದಿಯಲ್ಲಿ ದೋಣಿ ಹಾಕಿದ. ದೋಣಿ ಹಗ್ಗದ ಮೇಲೆ ನಡೆಯುತ್ತಿತ್ತು, ಅವನು ಮಾತಿನ ಮೇಲೆ. ನದಿ ಚಿಕ್ಕದು, ಅವನ ಭಾಷಣ ದೊಡ್ಡದು. ಹಾಗಾಗಿ ನಡುನೀರಿನಲ್ಲಿ ಹಗ್ಗ ಹಿಡಿದು ನಿಲ್ಲಿಸಿ ಭಾಷಣ ಮುಗಿಸಿಯೇ ದಡ ಸೇರಿಸುತ್ತಿದ್ದ. ಪ್ರಯಾಣಿಕರು ಈಜು ಬರದವರಾದ್ದರಿಂದ ಕೇಳಿಸಿಕೊಳ್ಳುತ್ತಿದ್ದರು.

ಆ ವರ್ಷಗಳಲ್ಲಿ ದೇಶವೇ ಎದ್ದು ಪಶ್ಚಿಮಕ್ಕೆ ಹೊರಟಿತ್ತು. ವರ್ಜೀನಿಯಾ, ಟೆನೆಸಿಯ ದೊಡ್ಡ ಮನುಷ್ಯರು ಬಂಡಿಗಳ ಮೇಲೆ ಕುಳಿತು, ಹಿಂದೆ ತಮ್ಮ ಗುಲಾಮರನ್ನು ನಡೆಸಿಕೊಂಡು ಮಿಸ್ಸೌರಿಗೆ ಹೋಗುತ್ತಿದ್ದರು. "ನಿಮ್ಮ ನೆಲ ಚೆನ್ನಾಗಿದೆ, ಕಾನೂನು ಚೆನ್ನಾಗಿಲ್ಲ. ಇಲ್ಲಿ ಗುಲಾಮರನ್ನ ಇಟ್ಕೊಳ್ಳೋ ಹಾಗಿದ್ರೆ ಇಲ್ಲೇ ಇಳೀತಿದ್ವಿ," ಎಂದು ಎಲ್ಲರೂ ಹೇಳಿಯೇ ಮುಂದೆ ಹೋಗುತ್ತಿದ್ದರು. ಟ್ಯಾಕೆಟ್ ಅವರ ಕೋಟು ನೋಡಿ ಉತ್ತರ ಕೊಡುತ್ತಿದ್ದ. ಕೋಟು ಒಳ್ಳೆಯದಾಗಿದ್ದರೆ "ನಿಜ ಸ್ವಾಮಿ," ಹರಿದಿದ್ದರೆ "ಸ್ವಾತಂತ್ರ್ಯ ಅಂದ್ರೆ ಸ್ವಾತಂತ್ರ್ಯ!" ದಡದಲ್ಲಿ ಅವನೇ ಬಣ್ಣದಲ್ಲಿ ಬರೆದ ದರದ ಹಲಗೆಯಿತ್ತು: ಬಂಡಿ, ಕುದುರೆ, ಎತ್ತು, ಗುಲಾಮ, ಹಂದಿ. ಇದೇನು ಸಾಲು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಗುಲಾಮನಿಗೂ ಹಂದಿಗೂ ಮಧ್ಯೆ ಸ್ವಲ್ಪ ಜಾಗ ಬಿಟ್ಟಿದ್ದೀನಲ್ಲಯ್ಯ, ಮರ್ಯಾದೆಗೆ," ಅಂದ.

ನಮ್ಮ ರಾಜ್ಯದಲ್ಲಿ ಗುಲಾಮಗಿರಿ ಇರಲಿಲ್ಲ. ನಾವು ಒಳ್ಳೆಯ ಜನ. ನಮ್ಮಲ್ಲಿದ್ದದ್ದು ಕರಾರು. ಕರಿಯ ಮನುಷ್ಯನೊಬ್ಬ ಸ್ವಂತ ಇಷ್ಟದಿಂದ, ಸಂಬಳವಿಲ್ಲದೆ ನಲವತ್ತು ವರ್ಷ ದುಡಿಯುತ್ತೇನೆಂದು ಕಾಗದದ ಮೇಲೆ ಗೀಟು ಎಳೆಯುತ್ತಿದ್ದ. ಒಲ್ಲೆ ಎಂದರೆ ಮಿಸ್ಸೌರಿಗೆ ಸಾಗಿಸಿ ಮಾರುತ್ತಿದ್ದರು. ಇಷ್ಟ ಎಂದರೆ ಅಂಥ ಇಷ್ಟ. ದೋಣಿಕಟ್ಟೆಯ ಪಕ್ಕದ ಛತ್ರದಲ್ಲಿ ಅಡುಗೆ ಮಾಡುತ್ತಿದ್ದ ಟೆಂಪಿ ಹಾಗೆ ಹದಿನಾರು ವರ್ಷ ಜಡ್ಜ್ ಲಾಫ್ಟನ್ ಮನೆಯಲ್ಲಿ ದುಡಿದು ಬಿಡುಗಡೆಯಾದವಳು. ಅವಳ ಮಗಳು ಲೆಟಿ ಇನ್ನೂ ಜಡ್ಜ್ ಮನೆಯಲ್ಲೇ ಇದ್ದಳು. ಹದಿನೆಂಟು ತುಂಬಿದ ದಿನ ಬಿಡಬೇಕೆಂದು ಕರಾರು. ಆ ದಿನ ಬರುವ ಅಕ್ಟೋಬರಿನಲ್ಲಿತ್ತು. ಕರಾರಿಗೆ ಸಾಕ್ಷಿ ಹಾಕಿದವನು ಟ್ಯಾಕೆಟ್. ಒಂದು ಪ್ರತಿ ಅವನ ತಗಡಿನ ಪೆಟ್ಟಿಗೆಯಲ್ಲಿ ದೋಣಿಯ ಪರವಾನಗಿಯ ಜೊತೆ ಮಲಗಿತ್ತು. ಟೆಂಪಿ ದಿನವೂ ಅವನಿಗೆ ದೊಡ್ಡ ರೊಟ್ಟಿ ಬಡಿಸುತ್ತಿದ್ದದ್ದು ಆ ಪೆಟ್ಟಿಗೆಯ ನೆನಪಿಗೆ. ಅವನು ತನ್ನ ವ್ಯಕ್ತಿತ್ವಕ್ಕೆಂದು ತಿಳಿದಿದ್ದ.

ಹದಿನೆಂಟುನೂರ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ ಓಟು ಬಂತು. ಸಂವಿಧಾನ ಬದಲಿಸಲು ಸಭೆ ಕರೆಯಬೇಕೇ, ಬೇಡವೇ? ಸಭೆ ಬೇಕು ಅಂದರೆ ಗುಲಾಮಗಿರಿ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಬೇಕು ಅನ್ನುವವರ ಮುಂದಾಳು ಜಡ್ಜ್ ಲಾಫ್ಟನ್. ಬೇಡ ಅನ್ನುವವರ ಕಡೆ ಬ್ಯಾಪ್ಟಿಸ್ಟ್ ಪಾದ್ರಿ ಎಬೆನ್ ಸ್ಟೌಟ್.

ಪರವಾನಗಿ ನವೀಕರಣ ಜಡ್ಜ್ ಕೈಯಲ್ಲಿದ್ದುದರಿಂದ ಟ್ಯಾಕೆಟ್ ಅವರ ಜಗಲಿಯಲ್ಲಿ ಪೀಚ್ ಬ್ರಾಂದಿ ಕುಡಿಯುತ್ತ, ಎದೆಯ ಮೇಲೆ ಕೈಯಿಟ್ಟು ಬೇಕು ಎಂದ. ಅದಾದ ಎಂಟನೇ ದಿನ ಪಾದ್ರಿ ಅವನನ್ನು ಎರಡನೇ ಸಲ ದೀಕ್ಷಾಸ್ನಾನಕ್ಕೆಂದು ನದಿಯಲ್ಲಿ ಮುಳುಗಿಸಿ ಎತ್ತಿದಾಗ, ನೀರು ಸುರಿಯುತ್ತಿದ್ದ ಮುಖದಲ್ಲೇ ಬೇಡ ಎಂದ. ಎರಡು ಕಡೆಯೂ ಮಾತು ಕೊಟ್ಟವರು ಊರಿನಲ್ಲಿ ಇನ್ನೂ ಇದ್ದರು. ಆದರೆ ನಮ್ಮಲ್ಲಿ ಓಟು ಹಾಕುವುದು ಚೀಟಿಯಲ್ಲಲ್ಲ. ಛತ್ರದ ಜಗಲಿಯಲ್ಲಿ ಮೇಜು, ಮೇಜಿನ ಹಿಂದೆ ನಾನು, ಎಡಕ್ಕೆ ಜಡ್ಜ್, ಬಲಕ್ಕೆ ಪಾದ್ರಿ, ಅಂಗಳದಲ್ಲಿ ಊರು. ಎಲ್ಲರೆದುರು ನಿಂತು ಗಟ್ಟಿಯಾಗಿ ಹೇಳಬೇಕು, ನಾನು ಬರೆದುಕೊಳ್ಳಬೇಕು.

ಚುನಾವಣೆ ಸೋಮವಾರ. ಅದರ ಹಿಂದಿನ ಮಂಗಳವಾರ ಬೆಳಿಗ್ಗೆ ಕರ್ನಲ್ ಟ್ಯಾಕೆಟ್‌ನ ಗಂಟಲು ಕಟ್ಟಿತು.

ಕುತ್ತಿಗೆಗೆ ಕೆಂಪು ಬಟ್ಟೆ ಸುತ್ತಿಕೊಂಡು ಛತ್ರಕ್ಕೆ ಬಂದ. ಬಾಯಿ ತೆರೆದು ತೋರಿಸಿದ, ಕೈ ತಿರುಗಿಸಿದ, ಕಣ್ಣಲ್ಲಿ ನೀರು ತಂದುಕೊಂಡ. ಊರು ಅವನ ಹೆಂಡತಿಗೆ ಸಮಾಧಾನ ಹೇಳಲು ಹೋಯಿತು. ಆಕೆ ಬಾಗಿಲಲ್ಲೇ, "ಹದಿನೆಂಟು ವರ್ಷ ಆದ್ಮೇಲೆ ಇವತ್ತು ನಮ್ಮನೇಲಿ ಹಕ್ಕಿ ಕೂಗೋದು ಕೇಳಿಸ್ತು. ಯಾರೂ ದಯವಿಟ್ಟು ಔಷಧಿ ತರಬೇಡಿ," ಎಂದಳು.

ತಂದವಳು ಟೆಂಪಿ. ಅವಳಿಗೆ ಗುಟ್ಟು ಬುಧವಾರವೇ ಗೊತ್ತಾಗಿತ್ತಂತೆ. ಬೆಳಿಗ್ಗೆ ನೀರಿಗೆ ಹೋದಾಗ ಕೊಟ್ಟಿಗೆಯ ಹಿಂದೆ ಕರ್ನಲ್ ತನ್ನ ಹೇಸರಗತ್ತೆಗೆ ಪೂರ್ತಿ ಗಂಟಲಿನಲ್ಲಿ ಬೈಯುತ್ತಿದ್ದುದನ್ನು ಕೇಳಿದ್ದಳು. ಅವಳು ಯಾರಿಗೂ ಹೇಳಲಿಲ್ಲ. ಬಾತುಕೋಳಿಯ ಕೊಬ್ಬಿನಲ್ಲಿ ಈರುಳ್ಳಿ ಬೇಯಿಸಿ, ಅದಕ್ಕೆ ಟರ್ಪೆಂಟೈನ್ ಬೆರೆಸಿ ಬಟ್ಟಲಿಗೆ ಹಾಕಿಕೊಂಡು ಬಂದಳು.

"ಕುಡೀರಿ ಕರ್ನಲ್ ಸಾಹೇಬ್ರೇ. ನಿಮ್ಮ ಗಂಟಲು ನಿಮ್ಮೊಬ್ಬರದೇ ಅಲ್ಲ, ಊರಿಂದು."

ಕರ್ನಲ್ ಕೈಮುಗಿದ.

"ಅಯ್ಯೋ, ಕೈಮುಗೀಬೇಡಿ, ನನಗ್ಯಾಕೆ ಧನ್ಯವಾದ! ಇನ್ನೂ ಅರ್ಧ ಇದೆ. ಎಲ್ಲಿ, ಆ ಅನ್ನಿ."

ಗುರುವಾರ ಕೆಂಪು ಬಟ್ಟೆ ಬಿಚ್ಚಿಸಿ ಅವನದೇ ಎಡಗಾಲಿನ ಕಾಲುಚೀಲವನ್ನು ಕುತ್ತಿಗೆಗೆ ಕಟ್ಟಿದಳು. ಒಗೆದ ಕಾಲುಚೀಲಕ್ಕೆ ಗುಣವಿಲ್ಲ, ತೊಟ್ಟದ್ದೇ ಆಗಬೇಕು ಎಂದು ನಮ್ಮ ಕಡೆಯ ವೈದ್ಯ. ಕರ್ನಲ್‌ನ ಕಾಲುಚೀಲದಲ್ಲಿ ಗುಣಕ್ಕೇನೂ ಕೊರತೆ ಇರಲಿಲ್ಲ. ಅವನನ್ನು ಛತ್ರದ ಒಲೆಯ ಪಕ್ಕ ಕೂರಿಸಿ, "ಶಾಖ ಬಿಟ್ಟು ಅಲ್ಲಾಡಬಾರದು," ಎಂದು ಕಟ್ಟಪ್ಪಣೆ ಮಾಡಿದಳು. ಜಡ್ಜ್ ದಿನವೂ ಊಟಕ್ಕೆ ಕೂರುತ್ತಿದ್ದ ಮೇಜು ಅಲ್ಲಿಂದ ಎರಡು ಮೊಳ ದೂರ. ಬೇಸಿಗೆಯಲ್ಲಿ ಒಲೆಯ ಪಕ್ಕವೇ ಯಾಕೆ ಎಂದು ನಾನು ಆಗ ಯೋಚಿಸಲಿಲ್ಲ.

ಹೀಗೆ ಟ್ಯಾಕೆಟ್ ಜೀವಮಾನದಲ್ಲಿ ಮೊದಲ ಸಲ ಬೇರೆಯವರು ಮಾತಾಡುವುದನ್ನು ಕೇಳತೊಡಗಿದ. ಮಾತು ಹೋದವನಿಗೆ ಕಿವಿಯೂ ಹೋಗಿದೆ ಎಂದು ಜನ ಅದು ಹೇಗೋ ತೀರ್ಮಾನಿಸಿಬಿಡುತ್ತಾರೆ. ಮೇಜರ್ ಒಬ್ಬರು ಅವನೆದುರೇ ಅವನ ದೋಣಿ ಸೋರುತ್ತದೆ ಎಂದರು. ಮೂರು ವರ್ಷ ಅವನ ಭಾಷಣ ಮೆಚ್ಚಿದ್ದ ಕಮ್ಮಾರ, "ಅಬ್ಬ, ನಿದ್ದೆ ಮಾಡೋಕೆ ಎಷ್ಟು ಪುಣ್ಯ ಬೇಕು," ಎಂದು ಅವನ ಮೊಣಕೈ ಪಕ್ಕದಲ್ಲೇ ತಲೆಯಿಟ್ಟು ಮಲಗಿದ.

ಶನಿವಾರ ಮಧ್ಯಾಹ್ನ ಜಡ್ಜ್ ಲಾಫ್ಟನ್ ತಮ್ಮ ಅಳಿಯನ ಜೊತೆ ಊಟಕ್ಕೆ ಬಂದರು. ಅಳಿಯ ಒಲೆಯ ಕಡೆ ಕಣ್ಣು ಮಾಡಿ, "ಮಾವ, ಮೆಲ್ಲಗೆ," ಅಂದ.

"ಯಾರು, ಅವನಾ? ಅವನಿಗೇನು ಕೇಳಿಸುತ್ತೆ ಬಿಡೋ. ಹಂದಿಮಾಂಸ ಈ ಕಡೆ ತಳ್ಳು."

"ಲೆಟಿ ವಿಷಯ ಏನ್ಮಾಡ್ತೀರಿ? ಅಕ್ಟೋಬರಿಗೆ ಹದಿನೆಂಟಾಗುತ್ತೆ."

"ಸೋಮವಾರ ನಮ್ಮ ಕಡೆ ಗೆಲ್ಲಲಿ. ಆಮೇಲೆ ಆ ಕರಾರಿನ ಬಗ್ಗೆ ಕೇಳೋರು ಯಾರು? ಸೆಪ್ಟೆಂಬರಲ್ಲಿ ಮಿಸ್ಸೌರಿಗೆ ಕಳಿಸಿಬಿಡ್ತೀನಿ. ಅಲ್ಲಿ ಕೊಳ್ಳೋರು ಕಾಯ್ತಾ ಇದ್ದಾರೆ."

"ನದಿ ದಾಟಿಸೋದು?"

"ಟ್ಯಾಕೆಟ್ ದೋಣೀಲೇ! ಒಂದು 'ನಮಸ್ಕಾರ ಕರ್ನಲ್' ಅಂದ್ರೆ ಸಾಕು, ಆ ಪೆದ್ದ ತನ್ನ ಹೆಂಡತೀನೂ ದಾಟಿಸಿಬಿಡ್ತಾನೆ. ಅವನನ್ನ ಕರ್ನಲ್ ಮಾಡಿದ್ದೇ ನಾನಲ್ವೇನೋ. ಆ ವಿಸ್ಕಿ ಪೀಪಾಯಿ ಕೊಡಿಸಿದ್ದು ನಾನು. ಲಂಚಕ್ಕಿಂತ ಬಿರುದು ಅಗ್ಗ ಬೀಳುತ್ತೆ."

ಟೆಂಪಿ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ಜಡ್ಜ್ ಎದ್ದುಹೋದ ಮೇಲೆ ಒಲೆಯ ಬಳಿ ಬಂದು ಕುಳಿತಳು.

"ಕೇಳಿಸ್ತಾ ಕರ್ನಲ್ ಸಾಹೇಬ್ರೇ?" ಎಂದಳು. ಅವನು ನೆಲ ನೋಡಿದ. "ನನಗೆ ಮೊದಲೇ ಗೊತ್ತಿತ್ತು. ಆದ್ರೆ ನಾನು ಹೇಳಿದ್ರೆ ಕೋರ್ಟಲ್ಲಿ ನಡೆಯೋದಿಲ್ಲ. ಬಿಳಿಯರ ವಿರುದ್ಧ ನಮ್ಮ ಸಾಕ್ಷಿ ತಗೊಳ್ಳೋದಿಲ್ವಲ್ಲ. ನೀವು ಹೇಳಿದ್ರೆ ನಡೆಯುತ್ತೆ." ಆ ದಿನ ಅವಳು ಔಷಧಿ ಕುಡಿಸಲಿಲ್ಲವಂತೆ. ಬಟ್ಟಲನ್ನು ಅವನ ಪಕ್ಕದಲ್ಲಿಟ್ಟು ಎದ್ದುಹೋದಳಂತೆ. ಅವನು ತಾನಾಗಿಯೇ ಎತ್ತಿ ಕುಡಿದನಂತೆ.

ಲೆಟಿಯ ಸುದ್ದಿ ಅವನಿಗೆ ಹೆಚ್ಚು ಚುಚ್ಚಿತೋ, ಪೀಪಾಯಿಯ ಸುದ್ದಿಯೋ, ನಾನು ಹೇಳಲಾರೆ. ಮುಂದೆ ಅವನು ಈ ಕಥೆಯನ್ನು ನೂರು ಸಲ ಹೇಳಿದ. ಒಂದರಲ್ಲೂ ಪೀಪಾಯಿ ಬರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಕರ್ನಲ್ ಜಗಲಿ ಹತ್ತಿದ. ಕಾಲುಚೀಲ ಕುತ್ತಿಗೆಯಲ್ಲೇ ಇತ್ತು. ಸಾಲಿನಲ್ಲಿದ್ದವರು ತಾವಾಗಿಯೇ ದಾರಿ ಬಿಟ್ಟರು.

"ಪಾಪ, ಗಂಟಲು ಹೋಗಿದೆ," ಎಂದರು ಜಡ್ಜ್. "ಸೈಲಸ್, ನಾನು ಹೇಳ್ತೀನಿ ಬರ್ಕೊಳ್ಳಿ. ನನ್ನ ಜಗಲೀಲಿ ಕೂತು ಎದೆ ಮುಟ್ಕೊಂಡು ಮಾತು ಕೊಟ್ಟಿದ್ದಾರೆ. ಸಭೆ ಬೇಕು."

ಪಾದ್ರಿ ಸ್ಟೌಟ್ ಎದ್ದೇ ನಿಂತರು. "ಏನಂದ್ರಿ? ಸೊಂಟದವರೆಗೂ ನೀರಲ್ಲಿ ನಿಂತು, ದೇವರ ಮುಂದೆ ನನಗೆ ಮಾತು ಕೊಟ್ಟಿದ್ದಾನೆ. ಬೇಡ ಅಂತ! ಬರ್ಕೊಳ್ಳಯ್ಯ ಸೈಲಸ್!"

ಒಂದು ಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಕರ್ನಲ್‌ನ ಮುಖ ನೋಡಿದರು. ಅಂಗಳದಲ್ಲಿ ಕಮ್ಮಾರ, "ಎರಡೂ ಬರ್ಕೊಳ್ಳಿ ಗುಮಾಸ್ತರೇ! ಜಡ್ಜಿಗೆ ಎಡಗಡೆ, ಪಾದ್ರಿಗೆ ಬಲಗಡೆ!" ಎಂದು ಕೂಗಿದ. ನಕ್ಕ ಸದ್ದಿಗೆ ಕೋಳಿಗಳು ಚೆದುರಿದವು.

ನಾನು ಗುಮಾಸ್ತನ ಗತ್ತಿನಲ್ಲಿ ಕನ್ನಡಕ ಸರಿಮಾಡಿಕೊಂಡೆ. "ಬೇರೆಯವರು ಹೇಳಿದ್ದು ಬರೆಯೋ ಹಾಗಿಲ್ಲ. ತಲೆ ಅಲ್ಲಾಡಿಸಿದ್ರೂ ಆಗೋದಿಲ್ಲ. ಬಾಯಿಬಿಟ್ಟು ಹೇಳ್ಬೇಕು, ಇಲ್ಲ ಮನೆಗೆ ಹೋಗ್ಬೇಕು ಕರ್ನಲ್."

ಮನೆಗೆ ಹೋಗಬಹುದಿತ್ತು. ಇಷ್ಟು ದಿನ ಟರ್ಪೆಂಟೈನ್ ಕುಡಿದದ್ದು ಈ ಒಂದು ಮಾತಿಗೇ. ಅವನು ಎರಡು ಮೆಟ್ಟಿಲು ಇಳಿದೂ ಬಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಟೆಂಪಿ ನಿಂತಿದ್ದಳು. ಇವತ್ತು ಕೈಯಲ್ಲಿ ಬಟ್ಟಲು ಇರಲಿಲ್ಲ. ಅವಳ ಹಿಂದೆ ಲೆಟಿ ಜಡ್ಜ್ ಮನೆಯ ಬುಟ್ಟಿ ಹೊತ್ತು ನಿಂತಿದ್ದಳು, ಹೊರಗೇನು ನಗು ಎಂದು ಇಣುಕುತ್ತ.

ಕರ್ನಲ್ ಮೆಟ್ಟಿಲು ಹತ್ತಿ ವಾಪಸು ಬಂದ. ಕಾಲುಚೀಲ ಬಿಚ್ಚಿ, ಮೇಜಿನ ಮೇಲಿದ್ದ ಜಡ್ಜ್ ಲಾಫ್ಟನ್‌ರ ಎತ್ತರದ ಟೋಪಿಯೊಳಗೆ ಹಾಕಿದ.

"ಸಭೆ ಬೇಡ!"

ಆಚೆ ಕೊಟ್ಟಿಗೆಯಿಂದ ಹೇಸರಗತ್ತೆ ಗುರುತು ಹಿಡಿದು ಓಗೊಟ್ಟಿತು. ಪಾದ್ರಿ, "ಪ್ರಾರ್ಥನೆಯ ಶಕ್ತಿ!" ಎಂದು ಕೈ ಮೇಲೆತ್ತಿದರು. ಜಡ್ಜ್ ಟೋಪಿಯನ್ನು ನೋಡುತ್ತ ಕುಳಿತರು.

"ಸಾಕು ಕರ್ನಲ್, ಬರ್ಕೊಂಡೆ," ಎಂದೆ ನಾನು.

"ಎಲ್ಲಿ ಸಾಕಾಯ್ತು? ಆರು ದಿನದ್ದು ಬಾಕಿ ಇದೆ," ಎಂದು ಅವನು ಊರಿನ ಕಡೆ ತಿರುಗಿದ. "ಕೇಳ್ರಯ್ಯ! ಈ ಅಕ್ಟೋಬರಿಗೆ ಲೆಟಿಗೆ ಹದಿನೆಂಟು. ಕರಾರು ನನ್ನ ಪೆಟ್ಟಿಗೇಲಿದೆ, ಸಾಕ್ಷಿ ನಂದು. ಆ ದಿನ ಬೆಳಿಗ್ಗೆ ಪೆಟ್ಟಿಗೆ ಹೊತ್ಕೊಂಡು ನಾನೇ ಜಡ್ಜ್ ಮನೆ ಬಾಗಿಲಲ್ಲಿ ನಿಂತಿರ್ತೀನಿ. ಅಷ್ಟರೊಳಗೆ ಆ ಹುಡುಗೀನ ಮಿಸ್ಸೌರಿಗೆ ದಾಟಿಸೋಕೆ ಯಾರಾದ್ರೂ ನನ್ನ ದೋಣಿ ಹತ್ತಿದ್ರೆ, ಅಳಿಯನೇ ಬರ್ಲಿ ಮಾವನೇ ಬರ್ಲಿ, ನಡುನೀರಲ್ಲಿ ನಿಲ್ಲಿಸಿ ಸಾಯೋತನಕ ಭಾಷಣ ಮಾಡ್ತೀನಿ!"

ಆ ಬೆದರಿಕೆಯ ತೂಕ ಊರಿಗೆ ಗೊತ್ತಿತ್ತು. ಯಾರೂ ನಗಲಿಲ್ಲ. ಜಡ್ಜ್‌ರ ಅಳಿಯ ಮೆಲ್ಲಗೆ ಹಿಂದಿನ ಸಾಲಿಗೆ ಸರಿದ.

ನಮ್ಮೂರಿನಲ್ಲಿ ಬೇಕು ಅನ್ನುವವರೇ ನಾಲ್ಕು ಓಟಿನಿಂದ ಗೆದ್ದರು. ಇಡೀ ರಾಜ್ಯದಲ್ಲಿ ಸೋತರು. ರಾಜ್ಯ ಉಳಿದದ್ದು ತನ್ನ ಗಂಟಲಿನಿಂದ ಎಂದು ಟ್ಯಾಕೆಟ್ ಸಾಯುವವರೆಗೂ ಹೇಳುತ್ತಿದ್ದ; ಲೆಕ್ಕ ಬರೆದವನು ನಾನಾದ್ದರಿಂದ ನನ್ನೆದುರು ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದ. ಮುಂದಿನ ಕವಾಯತಿನಲ್ಲಿ ಹೊಸ ಪೀಪಾಯಿ ಬಂತು, ಬೇರೊಬ್ಬ ಕರ್ನಲ್ ಆದ. ನಾವು ಮಾತ್ರ ಇವನನ್ನು ಕರ್ನಲ್ ಎಂದೇ ಕರೆದೆವು. ನಮ್ಮ ಕಡೆ ಬಿರುದು ಒಮ್ಮೆ ಅಂಟಿದರೆ ಬಿಡುವುದಿಲ್ಲ. ದರದ ಹಲಗೆಯಲ್ಲಿ ಎತ್ತಿಗೂ ಹಂದಿಗೂ ನಡುವಿದ್ದ ಸಾಲನ್ನು ಒಂದು ದಿನ ಚಾಕುವಿನಿಂದ ಹೆರೆದ. ಹೋದದ್ದು ಹಲಗೆಯ ಮೇಲಿನ ಸಾಲು ಮಾತ್ರ. ಬಂಡಿಗಳ ಹಿಂದೆ ಜನ ನಡೆದು ಬರುವುದು ನಿಲ್ಲಲಿಲ್ಲ. ಅಂಥ ದಿನಗಳಲ್ಲಿ ಅವನು ದೋಣಿಯಲ್ಲಿ ಭಾಷಣ ಮಾಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಹೇಳಿದ ದಿನ ಅವನು ತಗಡಿನ ಪೆಟ್ಟಿಗೆಯೊಂದಿಗೆ ಹೋಗಿ ನಿಂತ. ಹಿಂದೆ ಟೆಂಪಿ, ನಾನು, ಅರ್ಧ ಊರು. ಕರಾರು ಎಲ್ಲೋ ಕಳೆದುಹೋಗಿದೆ ಎಂದರು ಜಡ್ಜ್. ಟ್ಯಾಕೆಟ್ ಪೆಟ್ಟಿಗೆ ತೆರೆದ. ಜಡ್ಜ್ ಕಾಗದ ನೋಡಿದರು, ಊರನ್ನು ನೋಡಿದರು, ರುಜು ಹಾಕಿದರು. ಆಗ ಗಂಟೆ ಹತ್ತು. ಲೆಟಿ ಗಂಟು ಹಿಡಿದು ತಾಯಿಯ ಪಕ್ಕ ಬಂದು ನಿಂತಳು.

ಕರ್ನಲ್ ಗಂಟಲು ಸರಿಮಾಡಿಕೊಂಡು ಸ್ವಾತಂತ್ರ್ಯದ ಮೇಲೆ ಭಾಷಣ ಶುರುಮಾಡಿದ. ಹನ್ನೊಂದಾಯಿತು. ಹನ್ನೆರಡಾಯಿತು. ಬಿಡುಗಡೆಯಾದ ಹುಡುಗಿ ಮನೆಗೆ ಹೋಗಲಾಗದೆ ಕಾಲು ಬದಲಿಸುತ್ತ ನಿಂತಿದ್ದಳು. ಅವನು ಇನ್ನೂ ರೋಮ್ ಸಾಮ್ರಾಜ್ಯದಲ್ಲಿದ್ದ.

ಟೆಂಪಿ ಒಂದು ಹೆಜ್ಜೆ ಮುಂದೆ ಬಂದಳು.

"ಕರ್ನಲ್ ಸಾಹೇಬ್ರೇ, ಗಂಟಲು ಒಣಗಿದ ಹಾಗಿದೆ. ಬಾತುಕೋಳಿ ಕೊಬ್ಬು ಇನ್ನೂ ಅರ್ಧ ಭರಣಿ ಮಿಕ್ಕಿದೆ. ತರ್ಲಾ?"

ರೋಮ್ ಸಾಮ್ರಾಜ್ಯ ಅಲ್ಲಿಗೇ ಮುಗಿಯಿತು. ನಾವೆಲ್ಲ ಊಟಕ್ಕೆ ಹೋದೆವು.