ಹೋತ ಒಯ್ದವನು ತಿರುಗಿ ಬರಲಿಲ್ಲ

ಬೆಟಗೇರಿಯ ಮೋತಿಬಿ ಆಡು ಸಾಕಲು ಹಿಡಿದು ನಲವತ್ತು ವರ್ಷದ ಮೇಲಾಗಿತ್ತು. ಆಡಿನ ಹೊಟ್ಟೆ ಸವರಿ ಮರಿ ಒಂದೋ ಎರಡೋ ಹೇಳುತ್ತಿದ್ದಳು. ಅವಳದೊಂದು ಕಟ್ಟುಪಾಡಿತ್ತು: ಒಂದೇ ಹೋತ ಎರಡು ವರ್ಷಕ್ಕಿಂತ ಹೆಚ್ಚು ಹಟ್ಟಿಯಲ್ಲಿರಬಾರದು, ತನ್ನ ಹೆಣ್ಣುಮರಿಗಳನ್ನೇ ಕೂಡಿದರೆ ಪೀಳಿಗೆ ಸೊರಗುತ್ತದೆ. ಅದಕ್ಕೇ ಹಿರೇಹಂದಿಗೋಳದ ಯಮನೂರಪ್ಪನೊಂದಿಗೆ ಅದಲುಬದಲು. ಅವನು ಮೊದಲು ಇವಳ ಹೋತ ಒಯ್ಯುತ್ತಿದ್ದ. ತನ್ನದನ್ನು ತಂದು ಬಿಡುವವರೆಗೆ ಹೆಗಲ ಕಂಬಳಿಯನ್ನು ಇವಳ ಮನೆಯಲ್ಲಿ ಇಟ್ಟು ಹೋಗುತ್ತಿದ್ದ. ಕಂಬಳಿಯೇ ಮಾತು. ಈ ಸಲವೂ ಕಂಬಳಿ ಇಟ್ಟು ಹೋತ ಒಯ್ದಿದ್ದ.

ಮೊಮ್ಮಗಳು ಮಹೆಕ ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದಳು. ದಾರಿ ತಪ್ಪಿದ ನಾಲ್ಕು ಮಂದಿ ಕಾಡಿನಲ್ಲಿ ಊರು ಕಟ್ಟಬೇಕು, ಬಿತ್ತಬೇಕು, ಕಾಡುಪ್ರಾಣಿ ಹಿಡಿದು ಪಳಗಿಸಬೇಕು. ಪಕ್ಕದ ಮನೆಯ ನಸ್ರೀನ ಮತ್ತು ಅವಳು ಸೇರಿ ಒಂದು ಕಾಡುಹೋತ, ಮೂರು ಆಡು ಹಿಡಿದು ಬೇಲಿಯೊಳಗೆ ಹಾಕಿದ್ದರು.

“ಅವಸರ ಮಾಡಬ್ಯಾಡ್ರಿ,” ಎಂದಿದ್ದಳು ಮೋತಿಬಿ ಹಿಂದೆ ಕೂತು. “ದಿನಾ ಒಬ್ಬನ ಕೈಲೇ ಮೇವ ಹಾಕಸ್ರಿ. ಹತ್ತರ ಹೋಗಿ ಸುಮ್ನ ಕುಂಡ್ರಬೇಕು.”

ಹಾಗೆ ಮಾಡಿದ ಮೇಲೆಯೇ ಹೋತ ಪಳಗಿತು. ಎಂಟು ದಿನದಲ್ಲಿ ಆಟದೊಳಗೆ ಎರಡು ವರ್ಷ ಕಳೆದು, ಹುಟ್ಟಿದ ಹೆಣ್ಣುಮರಿಗಳೂ ಆಡುಗಳಾದವು.

ಮಹೆಕ ಹುಲಕೋಟಿಗೆ ಪರೀಕ್ಷೆಗೆ ಹೋಗುವ ದಿನ ಮೊಬೈಲನ್ನು ಅಜ್ಜಿಯ ಕೈಗೆ ಕೊಟ್ಟಳು. “ದಾದಿ, ಹಿಂಡ ನೋಡಕೋ. ಮೇವ ತೀರಿದ್ರ ಇದನ್ನ ಒತ್ತು.”

ಮಧ್ಯಾಹ್ನ ಆಟದ ಬೇಲಿಯ ಬಾಗಿಲಿಗೆ ಒಬ್ಬ ವ್ಯಾಪಾರಿ ಬಂದ. ಒಂದು ಬದಿಗೆ ಹೋತದ ಚಿತ್ರ, ಇನ್ನೊಂದು ಬದಿಗೆ ಬಟ್ಟೆಯ ಗಂಟು, ಕೆಳಗೆ ಇಂಗ್ಲಿಷ್ ಅಕ್ಷರ, ಹಸಿರು ಗುಂಡಿ. ಅಕ್ಷರ ಮೋತಿಬಿಗೆ ತಿಳಿಯಲಿಲ್ಲ, ಗಂಟು ತಿಳಿಯಿತು. ಹೋತ ಒಯ್ಯುತ್ತಾನೆ, ಗಂಟು ಇಟ್ಟು ಹೋಗುತ್ತಾನೆ, ಬೇರೆ ಹೋತ ತಂದು ಗಂಟು ಬಿಡಿಸಿಕೊಳ್ಳುತ್ತಾನೆ. ವೇಳೆಗೆ ಸರಿಯಾಗಿ ಬಂದನಲ್ಲ ಎಂದುಕೊಂಡು ಒತ್ತಿದಳು. ಸಂಜೆಯವರೆಗೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಅವನು ಬರಲಿಲ್ಲ.

“ಹೋತ ಎಲ್ಲೈತಿ ದಾದಿ?” ಪರೀಕ್ಷೆ ಮುಗಿಸಿ ಬಂದ ಮಹೆಕ ಮೊಬೈಲ್ ನೋಡಿ ಕೇಳಿದಳು.

“ನಾ ಏನೂ ಮುಟ್ಟಿಲ್ಲ ಬೇಟಾ.” ಆಡಿನ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

“ನಸ್ರೀನ ಬಂದಿದ್ಲೇನು?”

ನಸ್ರೀನ ಹೆಪ್ಪು ಕೇಳಲು ಬಂದು ಹೋಗಿದ್ದಳು. “ಬಂದಿದ್ಲು,” ಎಂದಳು ಮೋತಿಬಿ. ಅದು ಖರೆ ಇತ್ತು. ಅಷ್ಟೇ ಸಾಕಾಯಿತು.

ಮಹೆಕ ಅಂಗಳದಲ್ಲಿ ನಿಂತು, “ಇದ್ದ ಒಂದ ಹೋತ ಅರಿಬಿ ಗಂಟಿಗೆ ಮಾರಿದಿ, ಕಳ್ಳಿ,” ಅಂದಳು. ನಸ್ರೀನ, “ಖುದಾನ ಆಣಿ, ನಾ ಮುಟ್ಟಿಲ್ಲ,” ಅಂದಳು. ಮೋತಿಬಿ ಒಳಗೆ ಕೂತು ಮೇವಿನ ಸೊಪ್ಪು ಆರಿಸುತ್ತ ಎಲ್ಲ ಕೇಳಿದಳು.

ನಾಲ್ಕು ದಿನ ನಸ್ರೀನ ಇತ್ತ ಸುಳಿಯಲಿಲ್ಲ. ಐದನೆಯ ದಿನ ಯಮನೂರಪ್ಪ ಹೋತ ಹಿಡಿದುಕೊಂಡು ಬಂದ.

“ಕಂಬಳಿ ಕೊಡ್ರಿ ಅಕ್ಕಾರ. ಅದರಾಗ ಇಲಿ ಮರಿ ಹಾಕ್ಯಾವೇನು? ಇಂವಾ ಬರ್ತಾನೋ ಇಲ್ಲೋ ಅಂತ ಅಂಜಿದ್ರೇನು?”

“ನಿನ್ನ ಮ್ಯಾಲೆ ಯಾವಾಗರ ಸಂಶೆ ಮಾಡೇನೇನು?” ಎಂದಳು ಮೋತಿಬಿ. ಅಂದದ್ದೇ ನಸ್ರೀನ ನೆನಪಾದಳು. ಮಡಿಸಿಟ್ಟ ಕಂಬಳಿ ಕೊಡುವಾಗ ಅವನ ಮುಖ ನೋಡಲಾಗಲಿಲ್ಲ.

ಅವನು ಹೋದ ಮೇಲೆ, ಗುಂಡಿ ಒತ್ತಿದ್ದು ತಾನೇ ಎಂದು ಮಹೆಕಳಿಗೆ ಹೇಳಿದಳು. ಮಹೆಕ ಮೊದಲು ನಕ್ಕಳು. “ಗಂಟ ನೋಡಿ ಕೊಟ್ಟಿ?” ಆಮೇಲೆ ನಗು ನಿಂತಿತು. “ಹಂಗಾರ ನಸ್ರೀನ?”

ಮೋತಿಬಿ ಒಬ್ಬಳೇ ಹೋದಳು. ನಸ್ರೀನ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೋತಿಬಿ ನಿಂತಲ್ಲೇ ಒಂದನ್ನೂ ಬಿಡದೆ ಹೇಳಿದಳು.

“ಹೋತ ಹೋದ್ರ ಹೋತು, ಮತ್ತೊಂದ ಹಿಡದೇವು,” ಎಂದಳು ನಸ್ರೀನ. “ಮಹೆಕ ಸಿಟ್ಟಿನಾಗ ಅಂದ್ಲು, ಅದೂ ಇರಲಿ. ನೀವು ಒಳಗ ಕೇಳಕೋತ ಕುಂತಿದ್ರೇನು ದಾದಿ?”

“ಕುಂತಿದ್ದೆ.”

ನಸ್ರೀನ ಪಾತ್ರೆ ಬೋರಲು ಹಾಕಿದಳು. ಒಳಗೆ ಬರ್ರಿ ಅನ್ನಲಿಲ್ಲ. ಮೋತಿಬಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದುಬಂದಳು. ಮರುದಿನವೂ ಹೋಗಿ ಕೂತಳು. ಮೂರನೆಯ ದಿನ ನಸ್ರೀನ ಕೊಡ ಹಿಡಿದು ಹೊರಬಂದು, “ದಾರಿಗೆ ಅಡ್ಡ ಕುಂತೀರಿ, ಸರೀರಿ,” ಅಂದಳು.

ಮೋತಿಬಿ ಸರಿದಳು. ಏಳಲಿಲ್ಲ.