ನಿಂತ ಗಾಳಿಯಂತ್ರದ ಮಗ್ಗಲು ಬದಲಿಸುವಾಕೆ

"ಬ್ರೇಕ್ ಹಾಕು ಅಂದ್ರೆ ಹಾಕು! ಸಾಹೇಬರು ಬರೋ ಹೊತ್ತಿಗೆ ನಿನ್ನ ಫ್ಯಾನು ತಿರುಗ್ತಾ ಇದ್ರೆ ಅರ್ಜಿ ಮತ್ತೆ ವಾಪಸ್!"

"ಫ್ಯಾನು ಅಂತ ಇನ್ನೊಂದ್ ಸಲ ಅಂದ್ರೆ ನಿಮ್ಮ ಬುತ್ತಿ ನೀವೇ ಕಟ್ಕೊಳ್ಳಿ ರೀ!"

ಬೆಳಕು ಹರಿಯುವ ಮೊದಲೇ ಅಡುಗೆಮನೆಯಲ್ಲಿ ಜಗಳ. ಗಂಡ ವಿದ್ಯುತ್ ಸ್ಟೇಷನ್ನಿನ ಲೈನ್‌ಮನ್. ಹೆಂಡತಿ ಗುಡ್ಡದ ಮೇಲಿನ ಒಂಟಿ ಗಾಳಿಯಂತ್ರ ನೋಡಿಕೊಳ್ಳುವವಳು. ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡೇ ಓಡಾಡುವ ಆಕೆಗೆ ಊರಿಟ್ಟ ಹೆಸರು ಗ್ರೀಸಕ್ಕ.

ಊರವರೆಲ್ಲ ಕೂಡಿ ನಿಲ್ಲಿಸಿದ ಈ ಯಂತ್ರ ಮೂರು ವರ್ಷದಿಂದ ಒಂದು ಬಲ್ಬನ್ನೂ ಉರಿಸಿಲ್ಲ. ತಪ್ಪು ಯಂತ್ರದ್ದಲ್ಲ. ವಿದ್ಯುತ್ ಲೈನಿಗೆ ಸೇರಬೇಕಾದರೆ ಕರೆಂಟು ತಯಾರಿಸಿದ ವರದಿ ಬೇಕಂತೆ. ಕರೆಂಟು ತಯಾರಿಸಬೇಕಾದರೆ ಮೊದಲು ಲೈನಿಗೆ ಸೇರಿರಬೇಕಂತೆ. ಇಂಥ ನಿಯಮ ಬರೆದವರ ಕಿವಿ ಹಿಂಡಬೇಕು. ಅದು ಹೇಗೋ ಬಗೆಹರಿಯಿತು ಅನ್ನುವಾಗ ಇನ್ನೊಂದು ಲೈನು ಸೇರಿಸಲು ಸ್ಟೇಷನ್ನಿನಲ್ಲಿ ಜಾಗವಿಲ್ಲ ಅಂದರು. ಜಾಗ ಸಿಕ್ಕಿತು, ತಪಾಸಣೆಗೆ ಬಂದರು. ರೆಕ್ಕೆ ತಿರುಗುವುದನ್ನು ಕಂಡು "ಅನುಮತಿಯಿಲ್ಲದೆ ಚಾಲನೆ" ಎಂದು ಬರೆದು ಹೋದರು. ಅರ್ಜಿ ಮತ್ತೆ ಮೊದಲ ಮೇಜಿಗೆ.

ಬ್ರೇಕ್ ಬಿಟ್ಟಿದ್ದವಳು ಗ್ರೀಸಕ್ಕನೇ. ರೆಕ್ಕೆಗಳ ಅಷ್ಟು ಭಾರ ಒಂದೇ ಕಡೆ ಕೂತರೆ ಅದನ್ನು ಹೊತ್ತು ತಿರುಗಿಸುವ ಬೇರಿಂಗು ಸವೆದುಹೋಗುತ್ತದೆ. ಇವತ್ತು ಮತ್ತೆ ತಪಾಸಣೆಗೆ ಬರುವ ಸಾಹೇಬರಿಗೆ ರೆಕ್ಕೆಯೂ ನಿಂತಿರಬೇಕು, ಬೇರಿಂಗೂ ಕೆಟ್ಟಿರಬಾರದು! ಈ ಸಲವೂ ಅರ್ಜಿ ವಾಪಸಾದರೆ ಯಂತ್ರವನ್ನು ಗುಜರಿಗೆ ಹಾಕಲು ಊರು ತೀರ್ಮಾನಿಸಿದೆ.

"ನಿಮ್ಮಮ್ಮ ಎದ್ದು ಕೂರೋಕಾಗದೆ ಮಲಗಿದ್ರಲ್ಲ, ಬೆನ್ನಲ್ಲಿ ಒಂದು ಹುಣ್ಣಾದ್ರೂ ಆಗಿತ್ತಾ?" ಗ್ರೀಸಕ್ಕ ಕೇಳುತ್ತಾಳೆ.

ಲೈನ್‌ಮನ್ ಹಾಲಿನ ಪಾತ್ರೆ ಒಲೆಯ ಮೇಲಿಡುತ್ತಾನೆ. ಅಮ್ಮನನ್ನು ಹೊತ್ತುಹೊತ್ತಿಗೆ ಮಗ್ಗಲು ಬದಲಿಸಿ ಮಲಗಿಸಿದವಳು ಇವಳೇ.

"ಇದಕ್ಕೂ ಅಷ್ಟೇ. ಗಾಳಿ ಏಳೋಕೆ ಮುಂಚೆ ಕೈಯಲ್ಲೇ ತಿರುಗಿಸಿ ಬ್ರೇಕ್ ಹಾಕ್ತೀನಿ. ಗಾಳಿ ತಿರುಗಿಸಿದ್ರೆ ತಾನೇ ಚಾಲನೆ?"

"ಕೈಯಲ್ಲಾ? ನಿನ್ನ ಭುಜ ಏನಾಗ್ಬೇಕು ಮಾರಾಯ್ತಿ!"

ಗ್ರೀಸಿನ ಡಬ್ಬಿ ಎತ್ತಿಕೊಂಡು ಆಕೆ ಹೊರಟೇಬಿಡುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ. ಬೈದುಕೊಳ್ಳುತ್ತಲೇ ಆತ ಒಲೆ ಆರಿಸಿ ಬಾಗಿಲಿಗೆ ಬರುತ್ತಾನೆ. ಗುಡ್ಡದ ಮೇಲೆ ರೆಕ್ಕೆ ಗೇಣಷ್ಟು ಸರಿಯುತ್ತದೆ. ನಿಲ್ಲುತ್ತದೆ. ಮತ್ತೆ ಗೇಣಷ್ಟು.

ಸಾಹೇಬರ ಜೀಪು ಬರುವಾಗ ಗಾಳಿ ಭೋರೆನ್ನುತ್ತಿದೆ. ಮೂರೂ ರೆಕ್ಕೆ ಮೊಳೆ ಹೊಡೆದಂತೆ ನಿಂತಿವೆ. ಸಾಹೇಬರು ಮೇಲೆ ಹತ್ತಿ ಬೇರಿಂಗು ನೋಡಿ, ಇಳಿದು, ಸಹಿ ಹಾಕಿ ಹೋಗುತ್ತಾರೆ.

"ಸಹಿ ಆಯ್ತು ಕಣೇ! ಇಳಿದು ಬಾ, ಮನೆಗೆ ಹೋಗೋಣ!" ಕೆಳಗಿನಿಂದ ಲೈನ್‌ಮನ್ ಕೂಗುತ್ತಾನೆ. ಕೈಯಲ್ಲಿ ಎರಡು ಬುತ್ತಿ, ತಾನೇ ಕಟ್ಟಿದ್ದು.

"ಸಹಿ ಆದ್ರೆ ಆಯ್ತಾ? ನಿಮ್ಮೋರು ತಂತಿ ಎಳೆಯೋವರೆಗೂ ಇದನ್ನ ಯಾರು ನೋಡ್ಕೋಬೇಕು? ನಾನು ಈಗ್ಲೇ ಬರಲ್ಲ."

ಮೇಲಿನಿಂದ ಹಗ್ಗವೊಂದು ಇಳಿದು ಬರುತ್ತದೆ.

"ನನ್ನ ಬುತ್ತಿ ಇದಕ್ಕೆ ಕಟ್ಟಿ ಕಳ್ಸಿ. ಉಪ್ಪು ಹಾಕಿದೀರಾ ತಾನೇ?"