ಮೊದಲ ಬಸ್ಸಿನ ಮಾಜಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮುದುಕರೊಬ್ಬರು ಏದುಸಿರು ಬಿಡುತ್ತ ಕೂತಿದ್ದಾರೆ. ಮಗಳು ಬಟ್ಟೆಯ ಗಂಟು ಹಿಡಿದು ಪಕ್ಕದಲ್ಲಿದ್ದಾಳೆ. ಕಾಲರ್ ಸವೆದ ಬಿಳಿ ಅಂಗಿಯವರೊಬ್ಬರು ಮುದುಕರ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸುತ್ತಿದ್ದಾರೆ. "ನಿಧಾನ ಅಣ್ಣಾ, ಡ್ರೈವರ್ ನಮ್ಮೋನೇ, ಬಿಟ್ಟು ಹೋಗಲ್ಲ." ಮುದುಕರನ್ನು ಕಿಟಕಿ ಪಕ್ಕ ಕೂರಿಸಿ ತಾವು ಕಂಬ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಯಾರೋ ಕಿಚಾಯಿಸುತ್ತಾರೆ: "ಮಾಜಿಗೆ ಇಲ್ಲೂ ಸೀಟು ಸಿಗಲಿಲ್ವಾ?" ಬಸ್ಸೆಲ್ಲ ನಗುತ್ತದೆ. ಅವರೂ ನಗುತ್ತಾರೆ.

ಊರಲ್ಲಿ ಅವರಿಗೆ ಈಗ ಅದೇ ಹೆಸರು. ಒಂದೇ ಅವಧಿಗೆ ಶಾಸಕರಾಗಿದ್ದವರು. "ಮಾಜಿ ಆಗಿರೋದ್ರಲ್ಲೇ ನಂಗೆ ಸರ್ವೀಸು ಜಾಸ್ತಿ" ಎಂದು, ಅವರ ಕಥೆ ಕೇಳಲು ಮನೆಗೆ ಹೋದ ನನ್ನೆದುರೂ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ದಿನವೂ ಯಾರಾದರೊಬ್ಬ ರೋಗಿಯ ಜೊತೆ ಮೊದಲ ಬಸ್ಸು ಹಿಡಿದು ದೊಡ್ಡ ಊರಿನ ಆಸ್ಪತ್ರೆಗೆ ಹೋಗುವುದೇ ಅವರ ಈಗಿನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ.

ರಾಜಕೀಯಕ್ಕೆ ಬರುವ ಮೊದಲು ದರ್ಜಿ. ಪೇಟೆ ಬೀದಿಯಲ್ಲಿ ಇಬ್ಬರು ನಿಂತರೆ ತುಂಬಿಹೋಗುವ ಅಂಗಡಿ. ಊರಿನಲ್ಲಿ ಆಸ್ಪತ್ರೆ ಇರಲಿಲ್ಲ. "ಅಳತೆ ಕೊಟ್ಟು ಹೋದೋರು ಬಟ್ಟೆ ಇಸ್ಕೊಳ್ಳೋಕೆ ಬರ್ತಿರಲಿಲ್ಲ. ಕೇಳಿದ್ರೆ, ಆಸ್ಪತ್ರೆ ದಾರೀಲೇ ತೀರ್ಕೊಂಡ್ರು ಅನ್ನೋರು. ಹೊಲಿದಿಟ್ಟ ಬಟ್ಟೆ ಹಂಗೇ ನೇತಾಡ್ತಿರೋದು." ಆಸ್ಪತ್ರೆ ತರುತ್ತೇನೆ ಎಂಬ ಒಂದೇ ಮಾತಿನ ಮೇಲೆ ಚುನಾವಣೆಗೆ ನಿಂತರು. ಜನ ಹೆಗಲ ಮೇಲೆ ಹೊತ್ತು ಮೆರೆಸಿದರು.

ಕಟ್ಟಡ ಎದ್ದಿತು. ಮಂಚಗಳು ಬಂದವು, ಹೆರಿಗೆ ಕೋಣೆಗೆ ಬಿಳಿ ಟೈಲ್ಸ್ ಬಂತು. ಡಾಕ್ಟರು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಸರಕಾರ ಬದಲಾಗಿ, ಅವರು ವಿರೋಧ ಪಕ್ಷದಲ್ಲಿ ಕೂತಿದ್ದರು. ಅಲೆದಲೆದು ಚಪ್ಪಲಿ ಸವೆದವು. ಕೊನೆಗೊಬ್ಬ ಮಂತ್ರಿ ಹೆಗಲ ಮೇಲೆ ಕೈಹಾಕಿ, "ನೀವು ನಮ್ಮ ಕಡೆ ಬನ್ನಿ, ಡಾಕ್ಟರು ತಾವಾಗೇ ಬರ್ತಾರೆ" ಎಂದರು.

"ಬೇಡ ಕಣ್ರೀ, ಊರು ಕ್ಷಮಿಸಲ್ಲ ಅಂದ್ಲು ನನ್ನಾಕೆ. ನಾನು ಕೇಳಲಿಲ್ಲ. ಹೋದೆ."

ಡಾಕ್ಟರು ಆಗಲೂ ಬರಲಿಲ್ಲ. ಮಾರಿಕೊಂಡ ಎಂದು ಊರು ಉಗಿಯಿತು. ಅಂಗಡಿ ಬಾಗಿಲಿಗೆ ಟಾರು ಬಳಿದರು. ಮುಂದಿನ ಚುನಾವಣೆಯಲ್ಲಿ ಅವರ ಸ್ವಂತ ಬೀದಿಯೂ ಕೈಕೊಟ್ಟಿತು.

ಸೋತು ವರ್ಷ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಹೆಂಡತಿಗೆ ಎದೆನೋವು ಬಂತು. ಆಟೋದಲ್ಲಿ ಹಾಕಿಕೊಂಡು ತಾವೇ ಕಟ್ಟಿಸಿದ ಆಸ್ಪತ್ರೆಗೆ ಓಡಿದರು. ವಾಚ್‌ಮನ್ ಗುರುತು ಹಿಡಿದು ಎದ್ದು ಸಲಾಮು ಹೊಡೆದ. "ಯಾರೂ ಇಲ್ಲ ಸಾರ್, ನಿಮಗೆ ಗೊತ್ತಲ್ಲ" ಎಂದ. ಅಲ್ಲಿಂದ ದೊಡ್ಡ ಊರಿಗೆ ಹೊರಟರೆ, ರೈಲ್ವೆ ಗೇಟು ಹಾಕಿತ್ತು. ಗೇಟು ತೆಗೆಯುವಷ್ಟರಲ್ಲಿ ಆಕೆ ಇರಲಿಲ್ಲ.

"ನಂಗೆ ಗೊತ್ತಿತ್ತು, ಡಾಕ್ಟರಿಲ್ಲ ಅಂತ. ಆದ್ರೂ ಕಾಲು ಅಲ್ಲಿಗೇ ಹೋಯ್ತು. ನೇರ ಹೋಗಿದ್ರೆ ಗೇಟು ಹಾಕೋ ಮುಂಚೆ ದಾಟ್ತಿದ್ವೇನೋ." ಇಷ್ಟು ಹೇಳಿ ಅವರು ಎದ್ದು ಅಂಗಳಕ್ಕೆ ಹೋಗುತ್ತಾರೆ.

ಅವರ ಜೊತೆ ಮನೆಯಲ್ಲಿರುವ ಮಗಳು ಶಾಲೆಯಲ್ಲಿ ಟೀಚರು. "ಅಪ್ಪನಿಗೇ ಈಗ ಮಂಡಿ ಮಡಚೋಕಾಗಲ್ಲ. ಇಷ್ಟು ಜನರ ಹಿಂದೆ ಓಡಿದ್ರೆ ಅಮ್ಮ ವಾಪಸ್ ಬರ್ತಾರಾ?" ಎಂದು ಸಿಡಿಯುತ್ತಾರೆ. ಬೈದುಕೊಂಡೇ ಬುತ್ತಿ ಕಟ್ಟುತ್ತಾರೆ.

ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ಕಂಡರೆ ಯಾರೂ ಎದ್ದು ನಿಲ್ಲುವುದಿಲ್ಲ. ಸೆಕ್ಯೂರಿಟಿಯವನು ಸಾಲಿಗೆ ತಳ್ಳುತ್ತಾನೆ. ಅವರು ಚೀಟಿ ಮಾಡಿಸುತ್ತಾರೆ, ಸ್ಟ್ರೆಚರ್ ನೂಕುತ್ತಾರೆ, ಡಾಕ್ಟರು ಗದರಿದ್ದನ್ನು ಮೆತ್ತಗೆ ಮಾಡಿ ಮನೆಯವರಿಗೆ ತಿಳಿಸುತ್ತಾರೆ. "ಉಳಿದೋರು ಊರಿಗೆ ಬಂದ್ಮೇಲೆ ಮಾತಾಡಿಸಲ್ಲ. ಹೋದೋರ ಮನೆಯವರು ಮಾತ್ರ ನೆನಪಿಟ್ಕೋತಾರೆ, ಇವನು ಕರ್ಕೊಂಡು ಹೋಗಿದ್ದು ಅಂತ."

ಊರಿನ ಹೆರಿಗೆ ಕೋಣೆಯಲ್ಲಿ ಈಗ ಯಾವುದೋ ಕಂಟ್ರಾಕ್ಟರನ ಸಿಮೆಂಟ್ ಮೂಟೆಗಳಿವೆ. ಟೈಲ್ಸ್ ಮೇಲೆ ಪಾಚಿ. ಕಿಟಕಿಯ ಗಾಜು ಒಡೆದಿದೆ. ಹಾಲಿ ಶಾಸಕರಿಗೆ ಮಾಜಿ ಕೊಟ್ಟ ಮನವಿಗಳಿಗೆ ಉತ್ತರವಿಲ್ಲ.

ಭರವಸೆ ಇದೆಯಾ ಎಂದು ಕೇಳುತ್ತೇನೆ. "ಇಲ್ಲ" ಎನ್ನುತ್ತಾರೆ, ಯೋಚಿಸದೆ. ಆಮೇಲೆ ತಾವಾಗಿಯೇ ಹೇಳುತ್ತಾರೆ: "ಆಸೆ ಒಂದಿದೆ. ಆ ಕೋಣೇಲಿ ಒಂದೇ ಒಂದು ಮಗು ಹುಟ್ಬೇಕು. ಅದು ಅಳೋದು ನಾನು ರಸ್ತೇಲಿ ನಿಂತು ಕೇಳ್ಬೇಕು. ಒಳಗೆ ಕರೀದಿದ್ರೂ ಪರವಾಗಿಲ್ಲ."